ಕೀಮನ್ ಗುಡದಪ್ಪ ಮಾತಾಡುತ್ತ ನಡೆದದ್ದು

ಗುಡದಪ್ಪನಿಗೆ ಕೂರುವುದೆಂದರೆ ಶಿಕ್ಷೆ. ಊಟಕ್ಕೂ ಒಂದು ಮೊಣಕಾಲು ಎತ್ತಿಯೇ ಕೂರುವವನು, ಯಾರಾದರೂ ಕರೆದರೆ ಥಟ್ಟನೆ ಎದ್ದು ಓಡಬೇಕಲ್ಲ! ಯಾರೂ ಕರೆಯುತ್ತಿರಲಿಲ್ಲ, ಆ ಮಾತು ಬೇರೆ. ಬ್ಯಾಡಗಿ ಸ್ಟೇಷನ್ನಿನಿಂದ ರಾಣೆಬೆನ್ನೂರಿನ ಕಡೆಗೆ ಮೂರು ಮೈಲು ಹಳಿ ಅವನ ಬೀಟು. ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಹೊರಡುವುದು, ಹಳಿಯನ್ನು ಬಿಗಿಹಿಡಿದಿರುವ ಕಬ್ಬಿಣದ ಕೀಲಿಗಳಲ್ಲಿ ಸಡಿಲಾದದ್ದನ್ನು ಬಡಿದು ಕೂರಿಸುತ್ತ ಹೋಗುವುದು, ಹಾಗೆಯೇ ತಿರುಗಿ ಬರುವುದು. ರೈಲ್ವೆಯವರು ಇಂಥವನಿಗೆ ಕೀಮನ್ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಅವನು ಮಾಡಿದ್ದು ಇದೊಂದೇ. ದೂರದಲ್ಲಿ ಸಿಳ್ಳು ಕೇಳಿದರೆ ಸಾಕು, ಯಾವ ಗಾಡಿ, ಎಷ್ಟು ದೂರದಲ್ಲಿದೆ ಎಂದು ತಲೆ ಎತ್ತದೆ ಹೇಳುತ್ತಿದ್ದ.

ಹೇಳುತ್ತಿದ್ದ ಎಂದದ್ದು ತಪ್ಪಾಯಿತು. ಅವನಿಗೆ ಗೊತ್ತಾಗುತ್ತಿತ್ತು, ಅಷ್ಟೇ. ಹೇಳುವುದು ಅವನ ಜಾಯಮಾನವಲ್ಲ. ಹೆಂಡತಿ ಗುತ್ತೆವ್ವ ಹತ್ತು ಮಾತಾಡಿದರೆ ಇವನದು ಒಂದು ‘ಹ್ಞೂಂ’. ಮಗಳ ಮದುವೆ ನಿಶ್ಚಯವಾದಾಗಲೂ ‘ಹ್ಞೂಂ’, ಸಾರಿಗೆ ಉಪ್ಪು ಹೆಚ್ಚಾದಾಗಲೂ ‘ಹ್ಞೂಂ’. ಯಾವ ‘ಹ್ಞೂಂ’ ಸಿಟ್ಟಿನದು, ಯಾವುದು ಖುಷಿಯದು ಎಂದು ತಿಳಿಯಲು ಆ ಹೆಂಗಸಿಗೆ ಹತ್ತು ವರ್ಷ ಬೇಕಾಯಿತು, ಪಾಪ.

ತೊಂಬತ್ತೊಂದರ ಯುಗಾದಿ ಮುಗಿದ ವಾರ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವನ ಎಡಗೈ ಜಾರಿ ಬಿತ್ತು. ಅದರ ಬೆನ್ನಿಗೆ ಎಡಗಾಲು ಕುಸಿಯಿತು, ಅದರ ಬೆನ್ನಿಗೆ ಗುಡದಪ್ಪ. ಲಕ್ವಾ ಹೊಡೆದಿತ್ತು. ಓಣಿಯವರೆಲ್ಲ ಡಾಕ್ಟರಾದರು. ಎಣ್ಣೆ ತಿಕ್ಕಿರಿ ಎಂದರು, ಗಾಳಿ ತಾಗಿಸಬೇಡಿ ಎಂದರು, ಒಟ್ಟಿನಲ್ಲಿ ಏಳಗೊಡಬೇಡಿ ಎಂದರು. ಎರಡು ತಿಂಗಳು ಅವನನ್ನು ಹೊರಸಿಗೆ ಅಂಟಿಸಿಟ್ಟರು. ಹೊರಸಿನ ಮೇಲೆ ಅವನ ಬಲಗಾಲು ಮಾತ್ರ ದಿನವಿಡೀ ಅಲುಗಾಡುತ್ತಲೇ ಇತ್ತು. ಕಾರಹುಣ್ಣಿಮೆಯ ಹೊತ್ತಿಗೆ ಕೋಲು ಹಿಡಿದು, ಎಡಗಾಲು ಎಳೆಯುತ್ತ ಪಡಸಾಲೆಗೆ ಬಂದ. ಇನ್ನೊಂದು ವಿಚಿತ್ರ ಉಳಿದಿತ್ತು. ತಾಟಿನ ಎಡಗಡೆಯ ರೊಟ್ಟಿ, ಪಲ್ಯ ಹಾಗೇ ಉಳಿಯುತ್ತಿತ್ತು. ಎಡಗಡೆ ಏನಿದ್ದರೂ ಅವನ ಲಕ್ಷ್ಯ ಅಲ್ಲಿಗೆ ಹೋಗುತ್ತಿರಲಿಲ್ಲ. ಗುತ್ತೆವ್ವ ಸುಮ್ಮನೆ ಬಂದು ತಾಟು ತಿರುಗಿಸಿ ಇಡುತ್ತಿದ್ದಳು. ಅವನು ಮಿಕ್ಕದ್ದನ್ನು ಉಣ್ಣುತ್ತಿದ್ದ. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಹುಬ್ಬಳ್ಳಿಯ ರೈಲ್ವೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: "ದೀಪಾವಳಿ ಆದಮ್ಯಾಲ ಬಾ. ಕೋಲು ಬಿಟ್ಟು ಆರು ನಿಮಿಷ ನೆಟ್ಟಗ ನಡದು ತೋರಸು. ನಡದ್ರ ಬೀಟಿಂದು ವಿಚಾರ ಮಾಡೂಣು. ಇಲ್ಲಾಂದ್ರ ಎಲ್ಲೆರ ಸ್ಟೂಲ್ ಮ್ಯಾಲ ಕುಂದರೂ ಕೆಲಸ."

ಸ್ಟೂಲು! ಆ ಒಂದು ಶಬ್ದ ಕೇಳಿದ್ದೇ ಗುಡದಪ್ಪ ಕೋಲೂರಿ ಎದ್ದು ನಿಂತಿದ್ದ.

ರಾಣೆಬೆನ್ನೂರಿನ ಒಂದು ಖಾಸಗಿ ದವಾಖಾನೆಗೆ ವಾರಕ್ಕೊಮ್ಮೆ, ಬುಧವಾರ, ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಬರುತ್ತಿದ್ದಳು. ಹಾವೇರಿಯ ಜಾಹೀದಾ, ಓದು ಮುಗಿಸಿ ಎರಡು ವರ್ಷವಾಗಿತ್ತು. ಅವಳು ಗುಡದಪ್ಪನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ ನಾಡಿ ಎಣಿಸಿ, ದವಾಖಾನೆಯ ಉದ್ದನೆ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿದಳು. ಏಳು ಸುತ್ತಾಯಿತು. ಅದೇ ದಿನ ಬಂದಿದ್ದ ಇನ್ನೊಬ್ಬ ಲಕ್ವಾ ರೋಗಿ, ಹಾವೇರಿಯ ದರ್ಜಿ ರಹಿಮಾನಸಾಬ. ಅವನದೂ ಏಳೇ ಸುತ್ತು.

"ಚಾಚಾಗ ಎದಿ ಬ್ಯಾನಿ ಐತಿ, ಅವ್ರು ಸಾವಕಾಶ ನಡೀಲಿ, ಹೊತ್ತು ಜಾಸ್ತಿ ನಡೀಲಿ," ಎಂದಳು ಜಾಹೀದಾ. "ಕಾಕಾ, ನಿಮ್ಮ ಎದಿ ಗಟ್ಟಿ ಐತಿ. ನೀವು ಸ್ವಲ್ಪ ಜೋರು ನಡೀರಿ. ಜೋಡಿಗೆ ಕಾಕಿ ಬರ್ಲಿ. ನಡಿಯೂಮುಂದ ಮಾತಾಡಾಕ ಬರಬೇಕು, ಪದಾ ಹಾಡಾಕ ಬರಬಾರ್ದು. ಹಾಡಾಕ ಬಂತಂದ್ರ ನಡಗಿ ಸಾಲೂದಿಲ್ಲ ಅಂತ. ಮಾತ ನಿಂತ್ರ ಹೆಚ್ಚಾತು ಅಂತ. ದಿನಾ ಅರ್ಧ ತಾಸು, ಅದಕ್ಕಿಂತ ಹೆಚ್ಚಿಗಿ ಬ್ಯಾಡ."

"ಯಾವ ನಡಗಿ ಛಲೋ?" ಎಂದ ರಹಿಮಾನಸಾಬ. "ಸಾವಕಾಶಂದೋ, ಜೋರಿಂದೋ?"

"ದೊಡ್ಡ ದೊಡ್ಡ ಡಾಕ್ಟರ್ಸು ಇನ್ನೂ ಅದಕ್ಕ ಜಗಳಾಡಾಕತ್ಯಾರ ಚಾಚಾ. ನಾನೂ ನಿಮ್ಮಿಬ್ಬರನ್ನ ನೋಡಿ ಕಲೀತೇನಿ."

"ನನಗ ಮಶೀನ್ ಪೆಡಲ್ ತುಳಿಯಾಕ ಬಂದ್ರ ಸಾಕವಾ," ಎಂದು ಅವನು ನಕ್ಕ. ಗುಡದಪ್ಪ ನಗಲಿಲ್ಲ. ಪೆಡಲ್ ತುಳಿಯುವವನ ಜೊತೆ ತನ್ನನ್ನು ಹೋಲಿಸಿದ್ದೇ ಅವನಿಗೆ ಅವಮಾನ.

ಮರುದಿನದಿಂದ ಗಂಡ ಹೆಂಡತಿ ಹಳಿಯ ಪಕ್ಕದ ಕಾಲುದಾರಿಯಲ್ಲಿ ಹೊರಟರು. ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿಗಳು ಸ್ಟೇಷನ್ ದಾಟುವವರೆಗೆ ಇಬ್ಬರೂ ಕೆಮ್ಮುವುದು, ಆಮೇಲೆ ಮಾತು. ಮಾತೆಂದರೆ ಗುತ್ತೆವ್ವನದು. "ದಣಿವಾತೇನ್ರಿ?" "ಹ್ಞೂಂಹ್ಞೂಂ." "ಮಗಳ ಕಾಗದ ಬಂದಿಲ್ಲಲ್ರಿ?" "ಹ್ಞೂಂ." ಮಾತು ಬರುತ್ತಿದೆ ಎಂದು ಅವಳಿಗೆ ಸಮಾಧಾನ. ಅಲ್ಲಾ, ‘ಹ್ಞೂಂ’ ಎನ್ನಲು ಎಷ್ಟು ಉಸಿರು ಬೇಕು? ಬಾಯಿ ತೆರೆಯುವುದೂ ಬೇಡ! ಮದುವೆಯಾಗಿ ಇಪ್ಪತ್ತೇಳು ವರ್ಷ ಹ್ಞೂಂಗುಟ್ಟಿದವನ ಹ್ಞೂಂನಲ್ಲಿ ಏದುಸಿರು ಅಡಗಿ ಕುಳಿತರೆ ಯಾರಿಗೆ ತಿಳಿದೀತು? ಗುಡದಪ್ಪ ಹಲ್ಲು ಕಚ್ಚಿ ಬಿರಬಿರನೆ ನಡೆದ. ಸಾಲದ್ದಕ್ಕೆ ಮಧ್ಯಾಹ್ನ ಗುತ್ತೆವ್ವ ಕಣ್ಣು ಮುಚ್ಚಿದಾಗ ಒಬ್ಬನೇ ಎದ್ದು ಇನ್ನೊಂದು ಸಲ ಹೋಗಿಬಂದ. ಔಷಧಿ ಎರಡು ಪಟ್ಟು ಕುಡಿದರೆ ರೋಗ ಅರ್ಧದಷ್ಟು ದಿನಗಳಲ್ಲೇ ಹೋಗುತ್ತದೆ ಎನ್ನುವವರ ಪೈಕಿ ಅವನು.

ಎರಡನೆಯ ಬುಧವಾರ ಒಂಬತ್ತು ಸುತ್ತು, ಮೂರನೆಯದಕ್ಕೆ ಹತ್ತು. ಮೀಸೆಯಡಿಯಲ್ಲೇ ನಕ್ಕ. ರಹಿಮಾನಸಾಬ ಏಳೂವರೆಯಲ್ಲಿ ತೂರಾಡುತ್ತ, ಕಂಪೌಂಡರನ ಜೊತೆ ಹರಟುತ್ತ ಇದ್ದ. ಆದರೆ ಐದನೆಯ ವಾರ ಗುಡದಪ್ಪನದು ಎಂಟಾಯಿತು, ಆರನೆಯ ವಾರ ಏಳು. ಎಡಪಾದ ನೆಲಕ್ಕೆ ತಾಗಿ ಎರಡು ಸಲ ಮುಗ್ಗರಿಸಿದ. ರಹಿಮಾನಸಾಬ ಎಂಟು ಮುಟ್ಟಿದ್ದ. ಗುಡದಪ್ಪನ ಕಣ್ಣಿಗೆ ಕತ್ತಲು ಬಂತು, ದಣಿವಿಗಲ್ಲ, ನಾಚಿಕೆಗೆ.

ಜಾಹೀದಾ ತಲೆ ಕೆರೆದುಕೊಂಡಳು. "ಕಾಕಿ, ನಡಿಯೂಮುಂದ ಕಾಕಾ ಛಲೋತ್ನಂಗ ಮಾತಾಡ್ತಾರಿಲ್ಲ?"

ಗುತ್ತೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಯವ್ವಾ, ಇವ್ರು ಕುಂತಾಗರ ಯಾವತ್ತ ಮಾತಾಡ್ಯಾರ, ನಡಿಯೂಮುಂದ ಮಾತಾಡಾಕ! ಬರೇ ಹ್ಞೂಂ ಅಂತಾರ."

ಹುಡುಗಿಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. "ಕಾಕಾ, ಖರೇ ಹೇಳ್ರಿ. ದಿನಾ ಎಷ್ಟ ಸಲ ನಡೀತೀರಿ?" ಗುಡದಪ್ಪ ನೆಲ ನೋಡಿದ. "ನಿಮ್ಮ ಕಾಲು ದಣದು ಸತ್ತೈತ್ರಿ! ನಿಮ್ಮ ಹ್ಞೂಂ ನಂಬಿ ನಾ ಕೆಟ್ಟೆ. ಇವತ್ತಿಂದ ಒಂದ ಸಲ, ಅರ್ಧ ತಾಸು. ನಡಿಯೂಮುಂದ ನಿಮ್ಮ ಬೀಟ್ ಹೇಳ್ರಿ. ಎಲ್ಲಿ ಏನೈತಿ, ಎಲ್ಲಿ ಏನಾತು, ಎಲ್ಲಾ ಕಾಕಿಗೆ ಬಾಯಿಬಿಟ್ಟು ಹೇಳಬೇಕು. ಹೇಳಾಕ ಬರವಲ್ದಂದ್ರ ಕಾಲು ಸಾವಕಾಶ ಆಗಬೇಕು. ಇಲ್ಲಾಂದ್ರ ಸ್ಟೂಲ್ ಹುಡುಕ್ಕೋರಿ."

ಸ್ಟೂಲಿನ ಹೆಸರು ಕೇಳಿದ ಮೇಲೆ ಗುಡದಪ್ಪನ ಬಾಯಿ ತೆರೆಯಿತು. ಮೊದಲ ದಿನ ಗಂಟಲೊಳಗಿನ ಮುಳ್ಳು ಕಿತ್ತಂತೆ ಕಷ್ಟಪಟ್ಟ. "ಇಲ್ಲಿ... ಸಿಗ್ನಲ್ ಕಂಬ." ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಬೇವಿನ ಗಿಡ. ಇದರ ಬುಡಕ ಬುತ್ತಿ ಉಣ್ತಿದ್ನಿ." ನಾಲ್ಕನೆಯ ದಿನದ ಹೊತ್ತಿಗೆ ಮಾತಿಗೆ ಮಾತು ಸೇರಿತು. ಮೊದಲನೆಯ ಮೋರಿಯ ಕೆಳಗೆ ನರಿ ಮರಿ ಹಾಕಿದ್ದನ್ನು ಹೇಳಿದ. ಒಂದು ದಿನ ನಡೆಯುತ್ತ ನಡೆಯುತ್ತ, ಎಪ್ಪತ್ತೆಂಟರ ಮಳೆಗಾಲದಲ್ಲಿ ಹಳಿ ಬಿರುಕು ಬಿಟ್ಟದ್ದನ್ನು, ಹರಿಹರದ ಕಡೆಯಿಂದ ಬರುತ್ತಿದ್ದ ಪ್ಯಾಸೆಂಜರ್ ಗಾಡಿಯ ಎದುರಿಗೆ ಕೆಂಪು ಬಾವುಟ ಬೀಸುತ್ತ ತಾನು ಅರ್ಧ ಮೈಲು ಓಡಿದ್ದನ್ನು ಹೇಳಿದ. ಗಾಡಿ ಅವನಿಗೆ ಹತ್ತು ಮಾರು ದೂರದಲ್ಲಿ ನಿಂತಿತ್ತಂತೆ.

ಗುತ್ತೆವ್ವ ಅಲ್ಲೇ ನಿಂತುಬಿಟ್ಟಳು. "ಅವತ್ತ ನೀವು ಬಂದು ಊಟ ಬ್ಯಾಡಂತ ಮಲಕೊಂಡ್ರಿ. ಮಾಡಿದ್ದು ಸೇರೂದಿಲ್ಲಂತ ನಾ ಜಗಳಾ ತಗದೆ. ಇದನ್ನ ಯಾಕ ಹೇಳಲಿಲ್ಲ ನನಗ?"

"ನೀ ಹೆದರ್ತಿದ್ದಿ," ಎಂದ ಗುಡದಪ್ಪ. "ನಿಂದರಬ್ಯಾಡ, ನಡಿ. ನಾಡಿ ಇಳೀತೈತಿ." ಹದಿಮೂರು ವರ್ಷದ ಹಿಂದಿನ ಜಗಳಕ್ಕೆ ಅವಳು ಅಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಸುತ್ತುಗಳು ಏರಿದವು. ಒಂಬತ್ತು, ಹತ್ತೂವರೆ, ಹನ್ನೆರಡು. ಕೋಲು ಮೂಲೆ ಸೇರಿತು. ರಹಿಮಾನಸಾಬನದು ಎಂಟೂವರೆಗೆ ನಿಂತರೂ ಅವನು ಪೆಡಲ್ ತುಳಿಯಲು ಶುರುಮಾಡಿ ತನ್ನ ಪಾಡಿಗೆ ಸುಖವಾಗಿದ್ದ. "ಇಬ್ಬರನ್ನ ನೋಡಿ ಏನೂ ಹೇಳಾಕ ಬರೂದಿಲ್ಲ. ಆದ್ರ ಕಾಕಾಗ ಇದ ನಡಗಿ ಹೊಂದೈತಿ," ಎಂದು ಜಾಹೀದಾ ತನ್ನ ವಹಿಯಲ್ಲಿ ಬರೆದುಕೊಂಡಳು.

ದೀಪಾವಳಿಗೆ ವಾರವಿತ್ತು. ಎರಡನೆಯ ಮೋರಿಯ ಹತ್ತಿರ ಹಳಿ ದಾಟಿ ಆಚೆ ಬದಿಯಿಂದ ಹಿಂದಿರುಗುವುದು ಅವರ ರೂಢಿ. ಗುಡದಪ್ಪ ಹಳಿಯ ಅಂಚಿಗೆ ಬಂದಾಗ ಸಿಳ್ಳು ಕೇಳಿತು. ಬಲಕ್ಕೆ, ರಾಣೆಬೆನ್ನೂರಿನ ದಿಕ್ಕಿಗೆ ಕತ್ತು ಹೊರಳಿಸಿದ. ಹಳಿ ಖಾಲಿ. "ದೂರ ಐತಿ, ಬಾ," ಎಂದವನೇ ಕಾಲಿಟ್ಟ.

ಗುತ್ತೆವ್ವ ಅವನ ಅಂಗಿ ಹಿಡಿದು ಜಗ್ಗಿದ ರಭಸಕ್ಕೆ ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದರು. ಗಾಡಿ ಎಡಗಡೆಯಿಂದ, ಬ್ಯಾಡಗಿಯ ಕಡೆಯಿಂದ, ಅವರ ಕಾಲ ಮುಂದೆಯೇ ಧಡಧಡನೆ ಹಾದುಹೋಯಿತು.

"ಕಣ್ಣ ಮುಂದ ಐತಲ್ರೀ! ಕಾಣಲಿಲ್ಲೇನು?" ಎಂದು ಅವಳು ಅಳುತ್ತ ಎದೆ ಬಡಿದುಕೊಂಡಳು. ಗುಡದಪ್ಪ ಮತ್ತೊಮ್ಮೆ ಬಲಕ್ಕೇ ನೋಡಿದ. ಸಿಳ್ಳು ಅವನಿಗೆ ಬಲದಿಂದಲೇ ಕೇಳಿತ್ತು. ಆಣೆ ಮಾಡಿ ಹೇಳುವಷ್ಟು ಸ್ಪಷ್ಟವಾಗಿ ಬಲದಿಂದ.

ಆ ವಾರ ಅವನು ನಿಂತಲ್ಲಿ ನಿಲ್ಲಲಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ. ಕಾಲು ಗೆದ್ದಿತ್ತು, ಆ ಸಂತೋಷ ಬಾಯಿಗೆ ಬರುವಷ್ಟರಲ್ಲಿ ಕಹಿಯಾಗುತ್ತಿತ್ತು. ಹಳಿಯ ಪಕ್ಕದ ದಾರಿಗೆ ಮತ್ತೆ ಹೋಗಲಿಲ್ಲ. ಗುತ್ತೆವ್ವ ತಾಟನ್ನು ಮಾತ್ರ ದಿನಾ ತಿರುಗಿಸಿ ಇಟ್ಟಳು.

ಹುಬ್ಬಳ್ಳಿಯಲ್ಲಿ ಅವನು ಆರು ನಿಮಿಷ ನಡೆದದ್ದನ್ನು ನೋಡಬೇಕಿತ್ತು! ಕೋಲಿಲ್ಲ, ತಡವರಿಕೆಯಿಲ್ಲ. ರೂಢಿಬಿದ್ದ ಬಾಯಿ ತನ್ನಷ್ಟಕ್ಕೆ ಸಿಗ್ನಲ್ ಕಂಬ, ಬೇವಿನ ಗಿಡ, ಮೊದಲನೇ ಮೋರಿ ಎಂದು ಗುನುಗುತ್ತಿತ್ತು. ಡಾಕ್ಟರು ಬೆನ್ನು ತಟ್ಟಿದರು. "ಭೇಷ್! ಕಾಲು ಛಲೋ ಆಗೈತಲ್ಲೋ. ಮತ್ತೇನರ ತ್ರಾಸ ಐತೇನು?"

ಒಂದು ‘ಹ್ಞೂಂಹ್ಞೂಂ’ ಅಂದಿದ್ದರೆ ಆಗುತ್ತಿತ್ತು. ಬಾಗಿಲ ಬಳಿ ಗುತ್ತೆವ್ವ ನಿಂತಿದ್ದಳು. ಇವನಿಗೆ ಬೀಟು ಸಿಗಲಿ ಎಂದು ಹರಕೆ ಹೊತ್ತವಳೂ ಅವಳೇ, ಸಿಕ್ಕೀತೆಂದು ನಡುಗುತ್ತಿದ್ದವಳೂ ಅವಳೇ.

"ಐತ್ರಿ ಸಾಹೇಬ್ರ," ಎಂದ ಗುಡದಪ್ಪ. "ಗಾಡಿ ಎಡಕಿಂದ ಬಂದ್ರ ನನಗ ಬಲಕ ಕೇಳಸ್ತೈತಿ. ತಾಟಿನ್ಯಾಗ ಎಡಕಿನ ರೊಟ್ಟಿ ಕಾಣಂಗಿಲ್ಲ, ಇಕಿ ತಿರುಗಿಸಿ ಕೊಡ್ತಾಳ. ಎಡಕಿನ ಹಳೀದು ಕೀಲಿ ಸಡಲಾದ್ರ ಯಾರು ತಿರುಗಿಸಿ ಕೊಡ್ತಾರ್ರಿ ನನಗ? ಗಾಡ್ಯಾಗ ಮಂದಿ ಇರ್ತಾರ್ರಿ. ನನ್ನ ಬೀಟಿಗೆ ಬ್ಯಾರೆಯವನ್ನ ಹಾಕ್ರಿ." ಇಷ್ಟುದ್ದ ಮಾತನ್ನು ಅವನು ಜೀವಮಾನದಲ್ಲಿ ಹೊರಗಿನವರ ಮುಂದೆ ಆಡಿರಲಿಲ್ಲ.

ಸ್ಟೇಷನ್ನಿನಲ್ಲಿ ನೀರು ಕೊಡುವ ಕೆಲಸವಾಯಿತು, ಮುಂದಿನ ಒಂದನೇ ತಾರೀಖಿನಿಂದ. ಸ್ಟೂಲೂ ಇತ್ತು.

ಮರುದಿನ ಬೆಳಿಗ್ಗೆ, ಅವನ ಜಾಗಕ್ಕೆ ಬಂದಿದ್ದ ಕೀಮನ್ ಸುತ್ತಿಗೆ ಹೊತ್ತು ಮನೆಯ ಮುಂದೆ ಹಾದುಹೋದ. ಗುಡದಪ್ಪ ಅವನನ್ನು ತಿರುವು ದಾಟುವವರೆಗೆ ನೋಡಿದ. ಪಡಸಾಲೆಯಲ್ಲಿ ಎರಡು ಸುತ್ತು ತಿರುಗಿದ. ಆಮೇಲೆ ಒಲೆಯ ಮುಂದಿದ್ದ ಹೆಂಡತಿಯನ್ನು ಕರೆದ.

"ಏಳು, ಲಗೂ. ನಡಿಯಾಕ ಹೋಗೂಣು."

"ಇನ್ನೆದಕ್ಕ್ರಿ? ಪರೀಕ್ಷಾ ಮುಗೀತಲ್ಲ."

"ಎರಡನೇ ಮೋರಿ ಮುಂದಿಂದು ನಿನಗ ಹೇಳೇ ಇಲ್ಲ," ಎಂದ ಗುಡದಪ್ಪ. "ನೀ ನನ್ನ ಎಡಕ್ಕ ಬಾ."