ನನ್ನ ಹೀರೋಯಿನ್ ಲಾಸ್ಟ್ ಬೆಂಚಿನಲ್ಲಿ

ನಮ್ಮ ಕ್ಲಾಸಿಗೆ ನನ್ನ ಹೀರೋಯಿನ್ ಬಂದಳು. ಬಂದವಳು ಹೋಮ್‌ವರ್ಕ್ ಮಾಡಿರಲಿಲ್ಲ.

ನಗಬೇಡಿ. ತಮಾಷೆ ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಅವತ್ತಿನಿಂದ ನನಗೆ ಒಂದರ ಮೇಲೊಂದು ಶಾಕ್. ಕರೆಂಟೇ ಇರದ ನಮ್ಮ ಸಿಂದಗಿಯಲ್ಲಿ ಇಷ್ಟು ಶಾಕ್ ಹೊಡೆಸಿಕೊಂಡವಳು ನಾನೊಬ್ಬಳೇ ಇರಬೇಕು.

ಈ ಅಂಕಣ ಓದುವವರಿಗೆ ನನ್ನ ಹವ್ಯಾಸಗಳ ಆಯುಷ್ಯ ಗೊತ್ತೇ ಇದೆ. ಸ್ಟಾಂಪು ಕೂಡಿಸಿದೆ, ಬಿಟ್ಟೆ. ಪೆನ್ ಫ್ರೆಂಡ್ ಮಾಡಿಕೊಂಡೆ, ಅವಳು ಬಿಟ್ಟಳು. ಆದರೆ ಫ್ಯಾನ್ ಆಗುವ ವಿಷಯದಲ್ಲಿ ಮಾತ್ರ ನಾನು ಭಾರಿ ನಿಯತ್ತಿನವಳು. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರ ಕಂಪಾಸ್ ಪೆಟ್ಟಿಗೆ ತೆರೆದರೆ ಮುಚ್ಚಳದ ಒಳಗೆ ಒಬ್ಬೊಬ್ಬ ಕ್ರಿಕೆಟಿಗ, ಇಲ್ಲವೇ ಹಿಂದಿ ಸಿನಿಮಾದ ಹೀರೋ. ನನ್ನದರಲ್ಲಿ ಕುಮಾರಿ ಜ್ಯೋತ್ಸ್ನಾ. ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲಿನಿಂದ ಕತ್ತರಿಸಿ ಅಂಟಿಸಿದ್ದು. ಗುಲಾಬಿ ಕಾಗದ, ಕರಿ ಮಸಿ. ಮೂಗು ಎಲ್ಲಿ ಮುಗಿದು ಬಾಯಿ ಎಲ್ಲಿ ಶುರುವಾಯಿತೋ ಹೇಳುವುದು ಕಷ್ಟ.

‘ಇದೇನಲೇ, ವೋಟಿನ ಕಾರ್ಡಿನ ಫೋಟೋ ಆಗೇತಲ್ಲ!’ ಎಂದು ನನ್ನ ಗೆಳತಿ ಸವಿತಾ ನಕ್ಕಿದ್ದಳು. ನಗಲಿ. ಅವಳ ಕ್ರಿಕೆಟಿಗ ಅವಳಿದ್ದ ಊರಿಗೆ ಎಂದಾದರೂ ಬರುತ್ತಾನೆಯೇ? ನನ್ನವಳು ಬಂದಿದ್ದಾಳೆ. ಬಸ್ ಸ್ಟ್ಯಾಂಡಿನ ಆಚೆ, ಬಯಲಿನಲ್ಲಿ, ತಗಡಿನ ಥಿಯೇಟರಿನಲ್ಲಿ, ದೀಪಾವಳಿ ಮುಗಿದಾಗಿನಿಂದ.

ಅವಳದು ತಾಯಿಯ ಪಾತ್ರ. ನರೆತ ಕೂದಲು, ಬಾಗಿದ ಬೆನ್ನು. ಮಗ ಸೊಸೆಯ ಮಾತು ಕೇಳಿ ಅವಳನ್ನು ಮನೆಯಿಂದ ಹೊರಗೆ ದೂಡುತ್ತಾನೆ. ಮೆಟ್ಟಿಲ ಮೇಲೆ ಮೊಣಕಾಲೂರಿ ಬೀಳುತ್ತಾಳೆ. ಶಾಪ ಹಾಕುತ್ತಾಳೆ ಎಂದು ನಾವು ಕಾಯುತ್ತಿದ್ದರೆ, ತಲೆಯೆತ್ತಿ ‘ಊಟಾ ಮಾಡಿದೇನಪಾ?’ ಎಂದು ಕೇಳುತ್ತಾಳೆ. ಅಷ್ಟೇ. ಆಲಮೇಲದಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದ ಗಂಡಸರೂ ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

ನಮ್ಮವ್ವನ ಸೆರಗು ತೊಯ್ದು ತಪ್ಪಡಿ. ಅವ್ವ ಬಿಡಿ, ಟಿವಿಯಲ್ಲಿ ಜಾಹೀರಾತು ನೋಡಿಯೂ ಅಳುತ್ತಾಳೆ. ಅಪ್ಪ ಅತ್ತರು! ಅಡತಿ ಅಂಗಡಿಯಲ್ಲಿ ಕೂತರೆ ಹಮಾಲರು ಕೆಮ್ಮಲೂ ಹೆದರುವಂಥ ನನ್ನಪ್ಪ. ಆಟ ಮುಗಿದ ಮೇಲೆ ಸ್ಟೇಜು ಹತ್ತಿ, ಅವಳಿಗೆ ಶಾಲು ಹೊದಿಸಿ, ಮೈಕಿನಲ್ಲಿ ‘ಇಂಥಾ ತಾಯಿ ಮನಿಮನಿಗೂ ಹುಟ್ಟಬೇಕು’ ಎಂದರು. ನನಗೆ ಅಪ್ಪನ ಮೇಲೆ ಅವತ್ತು ಹುಟ್ಟಿದಷ್ಟು ಅಭಿಮಾನ ಯಾವತ್ತೂ ಹುಟ್ಟಿರಲಿಲ್ಲ.

(ಅವಳು ‘ಕುಮಾರಿ’ ಏಕೆ ಎಂಬ ಪ್ರಶ್ನೆ ನನಗೂ ಬಂದಿತ್ತು. ಐವತ್ತು ದಾಟಿದರೂ ಕಲೆಗಾಗಿ ಮದುವೆಯಾಗದೆ ಉಳಿದಿದ್ದಾಳೆ ಎಂದು ನಾನೇ ಉತ್ತರ ಕೊಟ್ಟುಕೊಂಡು ಇನ್ನಷ್ಟು ಗೌರವಿಸಿದ್ದೆ.)

ಈಗ ಕ್ಲಾಸಿಗೆ ಬನ್ನಿ.

ಸುಲೋಚನಾ ಟೀಚರ್ ಕನ್ನಡ ಪೀರಿಯಡ್ಡಿಗೆ ಬರುವಾಗ ಜೊತೆಗೊಬ್ಬ ಹೊಸ ಹುಡುಗಿಯನ್ನು ಕರೆತಂದರು. ಎರಡು ಜಡೆ, ಎಣ್ಣೆ ಸುರಿಯುವಷ್ಟು. ಗಲ್ಲದ ಮೇಲೆ ಮೊಡವೆ. ಯಾರದೋ ಹಳೆಯ ಯೂನಿಫಾರ್ಮು. ಹೆಸರು ರೇಣುಕಾ. ಕೊನೆಯ ಬೆಂಚಿನಲ್ಲಿ ಕೂತಳು. ನಾನು ಮತ್ತೆ ತಿರುಗಿಯೂ ನೋಡಲಿಲ್ಲ.

ಟೀಚರ್ ಅವಳಿಗೆ ಪಾಠ ಓದಲು ಹೇಳಿದರು. ತುಟಿಯೊಳಗೇ ಓದಿದಳು. ‘ಕೇಳವಲ್ತವಾ, ಜೋರಾಗಿ ಓದು’ ಎಂದರು ಟೀಚರ್.

ಜೋರಾಗಿ ಓದಿದಳು.

ವರಾಂಡದಲ್ಲಿ ಹೋಗುತ್ತಿದ್ದ ಸಿಪಾಯಿ ನಿಂತುಬಿಟ್ಟ. ಪಕ್ಕದ ಕ್ಲಾಸಿನ ಗದ್ದಲ ನಿಂತಿತು. ಆ ದನಿ! ಮೈಕಿಲ್ಲದೆ ಥಿಯೇಟರಿನ ಹಿಂದಿನ ಚಾಪೆಯವರೆಗೆ ತಲುಪುವ ದನಿ! ತಿರುಗಿದೆ. ನೋಡಿದೆ. ಇಡೀ ತಾಲ್ಲೂಕನ್ನು ಅಳಿಸಿದ ಆ ಮುದುಕಿ, ನನಗಿಂತ ಒಂದೆರಡು ವರ್ಷ ದೊಡ್ಡವಳು. ಹದಿನಾರು!

ಊಟದ ಬಿಡುವಿನಲ್ಲಿ ನಾನು ಅವಳೆದುರು ಹೋಗಿ ನಿಂತೆ. ‘ನೀವು... ನೀನು... ಜ್ಯೋತ್ಸ್ನಾ ಅಲ್ಲೇನು?’

‘ಅದು ಕಂಪನಿ ಹೆಸರು. ಮಾಲಕರು ಇಟ್ಟದ್ದು’ ಎಂದಳು. ‘ಭೂಮಿತಿ ಎಷ್ಟು ಮುಗಿದೈತಿ ನಿಮ್ಮದು? ಮುದ್ದೇಬಿಹಾಳದಾಗ ವೃತ್ತದ ತನಕಾ ಬಂದಿದ್ರು, ಅಷ್ಟರಾಗ ಕ್ಯಾಂಪ್ ಎತ್ತಿತು.’

ಅವಳ ಶಿಕ್ಷಣ ಹೀಗಿದೆ ನೋಡಿ. ಕಂಪನಿ ಎಲ್ಲಿ ಟೆಂಟು ಹೊಡೆಯುತ್ತದೋ ಅಲ್ಲಿ ಸಾಲಿ. ಏಳನೇ ಕ್ಲಾಸು ಅರ್ಧ ಬಸವನ ಬಾಗೇವಾಡಿ, ಅರ್ಧ ಚಡಚಣ. ಎಂಟನೆಯದು ಒಮ್ಮೆ ಮಧ್ಯದಲ್ಲೇ ಹರಿದು ಹೋಗಿ, ಮತ್ತೊಮ್ಮೆ ಮೊದಲಿನಿಂದ ಓದಿದ್ದು. ಅಪ್ಪ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ, ಅವ್ವ ವೇಷಭೂಷಣ ನೋಡಿಕೊಳ್ಳುತ್ತಾಳೆ. ತಾಯಿಯ ಪಾತ್ರ ಮಾಡುತ್ತಿದ್ದ ನಟಿ ಕಂಪನಿ ಬಿಟ್ಟಾಗ ಮಾಲಕರ ಕಣ್ಣು ಇವಳ ಮೇಲೆ ಬಿತ್ತು.

ನಾನು ಫ್ಯಾನುಗಳು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ಅಷ್ಟು ಅಳು ಹೇಗೆ ಬರುತ್ತದೆ? ಗ್ಲಿಸರಿನ್ನಾ?

‘ಯಾತರದೂ ಇಲ್ಲ. ಬಿದ್ದಾಗ ಖರೇನs ಹತ್ತತೈತಿ’ ಎಂದು ಲಂಗ ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದಳು. ನೀಲಿಗಟ್ಟಿ, ಅದರ ಮೇಲೆ ಕಪ್ಪುಗಟ್ಟಿ, ಅದರ ಮೇಲೆ ಹೊಸದಾಗಿ ಕೆತ್ತಿ ಹೋಗಿತ್ತು. ನಾವೆಲ್ಲ ಚಪ್ಪಾಳೆ ಹೊಡೆದ ಜಾಗ ಅದು.

ಸುದ್ದಿ ಹರಡಲು ಎಷ್ಟು ಹೊತ್ತು? ಮರುದಿನ ನಮ್ಮ ಕಿಟಕಿಗಳಲ್ಲಿ ಬೇರೆ ಕ್ಲಾಸಿನ ತಲೆಗಳು. ಕ್ರಿಕೆಟಿಗನ ಸವಿತಾಳೂ ಆಟೋಗ್ರಾಫ್ ಕೇಳಿದಳು. (ರೇಣುಕಾ ನಾಚಿಕೊಂಡು ರೋಲ್ ನಂಬರ್ ಸಮೇತ ಸಹಿ ಮಾಡಿದಳು.) ನನಗೋ ಕೊಂಬು ಬಂದಿತ್ತು. ಬಿಡುವಿನಲ್ಲಿ ಆಕೆ ನನ್ನ ಪಕ್ಕ ಕೂತು ಲೆಕ್ಕ ಮಾಡುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎರಡನೆಯ ಶಾಕ್ ನಮ್ಮ ಮನೆಯ ಪಡಸಾಲೆಯಲ್ಲೇ ಕಾದಿತ್ತು.

ಅಪ್ಪ ನಮ್ಮ ಶಾಲೆಯ ಕಮಿಟಿಯಲ್ಲಿದ್ದಾರೆ. ಸಂಜೆ ಕಮಿಟಿಯ ಇನ್ನಿಬ್ಬರು ಬಂದರು. ನಾನು ಚಹಾ ತಂದಾಗ ಟೊಪಗಿ ಹಾಕಿದ ಕಾಕಾ ಹೇಳುತ್ತಿದ್ದರು: ‘ನನ್ ಮಗಳು ಮನಿಗೆ ಬಂದು, ನಾನೂ ಪಾರ್ಟ್ ಮಾಡ್ತೇನಿ ಅನ್ನಾಕತ್ತಾಳ್ರಿ. ನಾಳೆ ಹೆಚ್ಚು ಕಡಿಮಿ ಆದ್ರ ಯಾರ್ ಜವಾಬ್ದಾರಿ?’

‘ಆ ಮಂದಿ ಬಾಜೂಕ ನಮ್ ಹುಡುಗ್ಯಾರು ಕುಂಡ್ರೂದಂದ್ರ ಹೆಂಗ್ರಿ?’ ಎಂದರು ಇನ್ನೊಬ್ಬರು.

ನಾನು ಅಪ್ಪನ ಮುಖ ನೋಡಿದೆ. ಈಗ ಸಿಡಿಯುತ್ತಾರೆ, ಇಬ್ಬರಿಗೂ ಸರಿಯಾಗಿ ಬೀಳುತ್ತದೆ ಎಂದು ಖುಷಿಯಲ್ಲಿ ಕಾದೆ.

ಅಪ್ಪ ಚಹಾ ಬಸಿಗೆ ಸುರಿದುಕೊಂಡರು. ‘ನೀವೇನ್ ಚಿಂತಿ ಮಾಡಬ್ಯಾಡ್ರಿ. ನಾಳೆ ಹೆಡ್‌ಮಾಸ್ತರ್‌ಗೆ ನಾನs ಹೇಳ್ತೇನಿ’ ಎಂದರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ಅವರ ಮುಂದೆ ಕುಕ್ಕಿದೆ. ಅಪ್ಪ ‘ಸಾವಕಾಶ, ಚೆಲ್ಲೀತು’ ಎಂದರು.

ಮರುದಿನ ಎರಡನೇ ಪೀರಿಯಡ್ಡಿಗೆ ಸಿಪಾಯಿ ಬಂದ. ರೇಣುಕಾ ಹೆಡ್‌ಮಾಸ್ತರ್ ಕೋಣೆಗೆ ಬರಬೇಕು. ಬರುವಾಗ ಚೀಲವನ್ನೂ ತರಬೇಕು. ಚೀಲ ಎಂದ ಕೂಡಲೇ ಕ್ಲಾಸಿಗೆಲ್ಲ ಗೊತ್ತಾಯಿತು. ಅವಳು ಏನೂ ಕೇಳದೆ ಎದ್ದಳು. ನಾನೂ ಎದ್ದೆ. ಸುಲೋಚನಾ ಟೀಚರ್ ನನಗೆ ಕೂಡು ಎನ್ನಲಿಲ್ಲ, ಚಾಕ್‌ಪೀಸ್ ಮೇಜಿನ ಮೇಲಿಟ್ಟು ತಾವೂ ಬಂದರು.

ಕೋಣೆಯಲ್ಲಿ ಹೆಡ್‌ಮಾಸ್ತರು, ಅಪ್ಪ, ಬಾಗಿಲ ಬಳಿ ಕೈಕಟ್ಟಿ ನಿಂತ ರೇಣುಕಾಳ ಅವ್ವ.

‘ನಂದೇನೂ ತಕರಾರಿಲ್ಲವಾ, ಕಮಿಟಿಯವ್ರ ಮಾತು ಐತಿ’ ಎಂದರು ಹೆಡ್‌ಮಾಸ್ತರು, ಟೇಬಲ್ಲಿನ ಗಾಜಿಗೆ.

‘ಆಕಿ ಯಾರ ತಂಟೇಕೂ ಹೋಗಂಗಿಲ್ರಿ ಸಾಹೇಬ್ರ. ಮೂಲ್ಯಾಗ ಕುಂಡ್ರತಾಳ್ರಿ’ ಎಂದಳು ಆ ತಾಯಿ. ಇದು ಪಾರ್ಟ್ ಅಲ್ಲ, ನೆನಪಿರಲಿ.

‘ಸರ್, ಹುಡುಗಿ ಓದ್ತೇನಿ ಅಂತ ಬಂದಾಳ. ನಾವು ನಡಸಾಕತ್ತಿದ್ದು ಸಾಲಿನೋ ಮತ್ತೇನೋ?’ ಎಂದರು ಸುಲೋಚನಾ ಟೀಚರ್.

ಅಪ್ಪ ಸಿಟ್ಟಿನಿಂದ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಬಹಳ ಪ್ರೀತಿಯಿಂದ ರೇಣುಕಾಗೆ ಹೇಳಿದರು: ‘ನೋಡವಾ ತಂಗಿ, ನಿನ್ನ ಮ್ಯಾಲೆ ನಮಗೇನ್ ಸಿಟ್ಟಿಲ್ಲ. ಭಾಳ ದೊಡ್ಡ ಕಲಾವಿದೆ ಅದಿ ನೀ. ಅದರಾಗs ಮುಂದ ಹೋಗು. ಸಾಲಿ ಕಲ್ತು ಏನ್ ಮಾಡಾಕಿ?’

‘ನರ್ಸ್ ಆಗಾಕಿರಿ.’

‘ಮತ್ತ ನಾಟಕ?’

‘ಬಿಡ್ತೇನ್ರಿ ಕಾಕಾ. ನಂಗದು ಸೇರಂಗಿಲ್ರಿ. ಅಪ್ಪ-ಅವ್ವ ಅದರಾಗ ಅದಾರ, ಅದಕ್ಕ ಮಾಡ್ತೇನಿ.’

ಇದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಸೇರುವುದಿಲ್ಲವಂತೆ! ನಾನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ್ದು ಅವಳಿಗೆ ಬೇಡವಂತೆ! ಅಪ್ಪ ಏನೋ ಹೇಳಲು ಹೋಗಿ ನಿಲ್ಲಿಸಿದರು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ.

‘ಅಪ್ಪಾ, ಅವತ್ತ ಈಕಿಗೇ ಶಾಲು ಹೊಚ್ಚಿದ್ರೆಲ್ರಿ ನೀವು?’

‘ಅದು ನಾಟಕದಾಗಿಂದು. ಇದು ಸಾಲಿ. ನೀ ಕ್ಲಾಸಿಗೆ ನಡಿ.’

ಎದುರು ಮಾತಾಡಿದ್ದಕ್ಕೆ ಕೆನ್ನೆಗೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಟಿಸಿ ಬರೆದಿಡುತ್ತೇವೆ, ಕ್ಯಾಂಪ್ ಎತ್ತುವ ಮುಂದೆ ಬಂದು ಒಯ್ಯಿರಿ ಎಂದರು ಹೆಡ್‌ಮಾಸ್ತರು. ರೇಣುಕಾ ನಾನು ಓದಲು ಕೊಟ್ಟಿದ್ದ ಭೂಮಿತಿಯ ಪುಸ್ತಕ ಚೀಲದಿಂದ ತೆಗೆದು ನನಗೆ ಕೊಟ್ಟಳು. ಹೊರಗೆ ಪಿಟಿ ಪೀರಿಯಡ್ಡಿನ ಸೀಟಿ ಕೇಳುತ್ತಿತ್ತು.

ನಾನು ಅವಳ ಹಿಂದೆಯೇ ಗೇಟಿನವರೆಗೆ ಓಡಿದೆ. ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು: ‘ನೀ ನಾಟಕ ಬಿಟ್ರ ನಾ ಯಾರ ಫ್ಯಾನ್ ಆಗ್ಲಿ?’

ಅವಳು ನಕ್ಕಳು. ‘ಯಾಕ, ನರ್ಸ್‌ಗೆ ಫ್ಯಾನ್ ಇರಂಗಿಲ್ಲೇನು?’

ಆಮೇಲೆ ಕ್ಲಾಸಿನಲ್ಲಿ ಕೂತು ಯೋಚಿಸಿದೆ. ಅಪ್ಪನಿಗೂ ನನಗೂ ಏನು ಫರಕು? ಅಪ್ಪನಿಗೆ ಅವಳು ಸ್ಟೇಜಿನಿಂದ ಇಳಿಯಬಾರದು. ನನಗೂ ಇಳಿಯಬಾರದು. ನಾವಿಬ್ಬರೂ ಅವಳ ಭಾರಿ ಅಭಿಮಾನಿಗಳು. ಅವಳಿಗೇನು ಬೇಕೆಂದು ಇಬ್ಬರೂ ಕೇಳಿರಲೇ ಇಲ್ಲ. ಅಭಿಮಾನ ಎಂದರೆ ಇದೇನಾ? ಒಬ್ಬರನ್ನು ಎತ್ತರದಲ್ಲಿ ಕೂರಿಸಿ, ಏಣಿ ತೆಗೆದುಬಿಡುವುದು?

ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

‘ಹದಿನಾರು ವರ್ಷದ್ದs ಅದು?’

‘ಹೂಂ.’

ಹಂಚಿನ ಮೇಲಿದ್ದ ರೊಟ್ಟಿ ಸೀದಿತು. ಅವ್ವ ಅದನ್ನು ತೆಗೆದು ಬದಿಗಿಟ್ಟು, ‘ರವಿವಾರ ಊಟಕ್ಕ ಕರ್ಕೊಂಡ್ ಬಾ. ಅವರವ್ವನೂ ಬರ್ಲಿ’ ಎಂದಳು.

‘ಅಪ್ಪಾ?’

‘ಅಡಗಿ ಮನಿ ನಂದು’ ಎಂದಳು ಅವ್ವ. ಈ ದನಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ರವಿವಾರ ಇಬ್ಬರೂ ಬಂದರು. ಮಧ್ಯಾಹ್ನದ ಆಟಕ್ಕೆ ಹೋಗಬೇಕಿದ್ದರಿಂದ ಬೇಗ ಬಂದರು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರು. ರೇಣುಕಾ ಕೆಳಗೆ ಕೂರುವಾಗ ಗೋಡೆ ಹಿಡಿದು ಮೆಲ್ಲಗೆ ಮೊಣಕಾಲು ಮಡಚಿದ್ದನ್ನು ಅವ್ವ ನೋಡಿದಳು. ಏನೂ ಕೇಳದೆ ಎದ್ದು ಹೋಗಿ, ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದು, ಊಟಕ್ಕೆ ಮೊದಲು ಅವಳ ಎರಡೂ ಕಾಲಿಗೆ ತಿಕ್ಕಿದಳು. ರೇಣುಕಾ ‘ಬ್ಯಾಡ್ರಿ ಕಾಕು, ಬ್ಯಾಡ್ರಿ’ ಎನ್ನುತ್ತಲೇ ಇದ್ದಳು. ಅವರವ್ವ ಆ ಕಡೆ ಮುಖ ಮಾಡಿ ಕೂತಿದ್ದಳು.

ಎಲ್ಲರೂ ಉಣ್ಣುತ್ತಿರುವಾಗ ಅಪ್ಪ ಅಂಗಡಿಯಿಂದ ಬಂದರು. ಹೊಸ್ತಿಲ ಮೇಲೆ ನಿಂತರು.

ಸಾಲಿಯಲ್ಲಿ ಮಾಸ್ತರು ಬಂದಾಗ ಏಳುತ್ತೇವಲ್ಲ, ಹಾಗೆ ರೇಣುಕಾ ಎದ್ದು ನಿಂತಳು. ಎಂಜಲ ಕೈ ಹಿಂದಕ್ಕೆ ಅಡಗಿಸಿ ‘ನಮಸ್ಕಾರ್ರಿ ಕಾಕಾ’ ಎಂದಳು.



‘ಕುಂಡ್ರವಾ. ಉಣ್ಣು’ ಎಂದರು ಅಪ್ಪ. ಅಷ್ಟು ಹೇಳಿ, ಉಣ್ಣದೆಯೇ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ವಾಪಸ್ ಹೋದರು.

ಅವರಿಗೆ ನಾಚಿಕೆಯಾಯಿತೋ, ಸಿಟ್ಟು ಬಂದಿತೋ? ನನಗೆ ಗೊತ್ತಾಗಿಲ್ಲ. ಆಮೇಲೆ ಅವರು ನಾಟಕದ ಸುದ್ದಿ ಎತ್ತಿಲ್ಲ. ಸಾಲಿಯ ಸುದ್ದಿಯನ್ನೂ ಎತ್ತಿಲ್ಲ. ಕಮಿಟಿಯ ಠರಾವು ಬದಲಾಗಿಲ್ಲ. ಲಾಸ್ಟ್ ಬೆಂಚು ಖಾಲಿ ಇದೆ. ಈ ಅಂಕಣವನ್ನು ಅಪ್ಪ ಓದುತ್ತಾರೆ, ಪೇಟೆ ಧಾರಣೆಗಿಂತ ಮೊದಲು ಓದುತ್ತಾರೆ. (ಸಂಪಾದಕ ಕಾಕಾ, ದಯವಿಟ್ಟು ಒಂದು ಸಾಲೂ ಕತ್ತರಿಸಬೇಡಿ. ಬೈಸಿಕೊಳ್ಳುವವಳು ನಾನು.)

ವಾರ್ಷಿಕ ಪರೀಕ್ಷೆ ಇನ್ನೂ ದೂರವಿದೆ. ಕಂಪನಿಯ ಮುಂದಿನ ಕ್ಯಾಂಪು ಇಂಡಿ. ತಗಡುಗಳನ್ನು ಬಿಚ್ಚುತ್ತಿದ್ದಾರೆ, ಲಾರಿ ಬಂದು ನಿಂತಿದೆ. ವೃತ್ತದ ಮುಂದಿನ ಅಧ್ಯಾಯ ಯಾವುದೆಂದು ರೇಣುಕಾ ನಿನ್ನೆಯೂ ಕೇಳಿದಳು.

ಇಂಡಿಯ ಓದುಗರೇ, ಟಿಕೆಟ್ ತೆಗೆಸುವ ಮೊದಲು ಒಂದು ಮಾತು ಹೇಳಿ: ನಿಮ್ಮೂರ ಸಾಲಿಯ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೂಡುವಷ್ಟು ಜಾಗ ಇದೆಯೇ?