ಕಂಪ್ಯೂಟರ್ ಬಾರಿಸದ ಡ್ರಮ್ಸ್

ನನ್ನ ಒಂದೇ ಒಂದು ಆಲ್ಬಮ್ಮಿನಲ್ಲಿ ಡ್ರಮ್ಸ್ ಬಾರಿಸಿದ್ದು ಕಂಪ್ಯೂಟರ್ ಅಲ್ಲ, ನನ್ನ ಗೆಳೆಯ ತಪನ್. ಬೇಕೆಂದೇ ಅದನ್ನು ಮುಚ್ಚಿಟ್ಟೆ.

ಆಗ ಬಂಗಾಳದಲ್ಲಿ ಎಡರಂಗದ ಆಡಳಿತ. ಅಲ್ಲಿನ ರಾಜಧಾನಿಯ ಬಾಲಿಗಂಜ್ ಬಡಾವಣೆಯಲ್ಲಿದ್ದ ನಮ್ಮ ಉಡುಪಿ ಹೋಟೆಲಿನ ಮಹಡಿಯಲ್ಲಿ ಅಕ್ಕಿಮೂಟೆಗಳ ಕೋಣೆಯೇ ನಮ್ಮ ಸ್ಟುಡಿಯೋ—ಮೂಟೆಗಳು ಸದ್ದು ನುಂಗುತ್ತಿದ್ದವು. ಬಂದ್ ಆದರೆ ನಮಗೆ ಹಬ್ಬ. ಬೀದಿಯಲ್ಲಿ ಒಂದು ಹಾರ್ನೂ ಇಲ್ಲ. ತಪನ್ ಊರಿನ ಇನ್ನೊಂದು ಬದಿಯ ಬೆಹಾಲಾದಿಂದ ಸೈಕಲ್ ತುಳಿದು ಬರುತ್ತಿದ್ದ. ನನ್ನದು ಪ್ರೋಗ್ರೆಸಿವ್ ಮೆಟಲ್—ಅಬ್ಬರದ ಗಿಟಾರ್, ನಡುನಡುವೆ ದಾರಿ ಬದಲಿಸುವ ತಾಳ. ಆ ತಾಳಗಳು ನನಗೆ ಹೊಳೆದವಲ್ಲ. ತಪನ್ ಬಾರಿಸುತ್ತ ಬಾರಿಸುತ್ತ ಕಂಡುಕೊಂಡವು.

ಅಪ್ಪ ಮೆಟ್ಟಿಲಲ್ಲಿ ನಿಂತು, "ಎಂಥ ಮಾರಾಯ, ಇದು ಹಾಡಾ, ಗಲಾಟೆಯಾ?" ಎನ್ನುತ್ತಿದ್ದರು. ಆದರೂ ತಪನನಿಗೆ ತಾವೇ ದೋಸೆ ಹೊಯ್ದು ಕೊಡುತ್ತಿದ್ದರು.

ಆಲ್ಬಮ್ಮಿನ ಬಿಡುಗಡೆ ಸದರ್ನ್ ಅವೆನ್ಯೂ ಬಳಿಯ ಸಣ್ಣ ಸಭಾಂಗಣದಲ್ಲಿ. ಪತ್ರಿಕೆಯವರೊಬ್ಬರು ಕೇಳಿದರು, "ಗಿಟಾರ್ ಚೆನ್ನಾಗಿದೆ. ಆದರೆ ಈ ಡ್ರಮ್ಸ್—ಯಾರು ಬಾರಿಸಿದ್ದು?"

ತಪನ್ ಪಕ್ಕದಲ್ಲೇ ಇದ್ದ. ಹೊಟ್ಟೆಕಿಚ್ಚೋ, ಎಲ್ಲವೂ ನನ್ನದೇ ಆಗಬೇಕೆಂಬ ಆಸೆಯೋ—

"ಯಾರೂ ಇಲ್ಲ. ಕಂಪ್ಯೂಟರ್," ಎಂದೆ.

ತಪನ್ ಸೈಕಲ್ ಹತ್ತಿ ಹೊರಟುಹೋದ. ಯಂತ್ರಕ್ಕೂ ಜೀವ ತುಂಬಿದವನೆಂದು ಪತ್ರಿಕೆಗಳು ನನ್ನನ್ನು ಹೊಗಳಿದವು. "ಆ ಹುಡುಗ ಯಾಕೆ ಬರುವುದಿಲ್ಲ?" ಎಂದು ಅಪ್ಪ ಕೇಳಿದಾಗ, ಅವನಿಗೆ ಪುರುಸೊತ್ತಿಲ್ಲ ಎಂದೆ.

ಈಚೆಗೆ ಕೇಳುಗನೊಬ್ಬ ಫೋನ್ ಮಾಡಿ, "ಆ ಡ್ರಮ್ಸಿಗೆ ಯಾವ ಸಾಫ್ಟ್‌ವೇರ್ ಬಳಸಿದ್ದಿರಿ, ಸರ್?" ಎಂದ. ಹಳೆಯ ಸುಳ್ಳನ್ನು ಮತ್ತೊಮ್ಮೆ ಹೇಳಲಾರೆ ಎನಿಸಿತು. ಫೋನ್ ಇಟ್ಟವನೇ ಬೆಹಾಲಾದಲ್ಲಿ ತಪನ್ ನಡೆಸುವ ಡ್ರಮ್ಸ್ ಶಾಲೆಯನ್ನು ಹುಡುಕಿಕೊಂಡು ಹೋದೆ. ಅಂದು ಅಲ್ಲಿ ಮಕ್ಕಳ ಕಾರ್ಯಕ್ರಮ. ಮೈಕ್ ಬೇಡಿ ಪಡೆದು, ತಂದೆತಾಯಿಗಳೆಲ್ಲರ ಮುಂದೆ ನಡೆದದ್ದನ್ನು ನಡೆದಂತೆಯೇ ಹೇಳಿದೆ. ಹೇಳುತ್ತ ಹೋದಂತೆ ಎದೆ ಹಗುರವಾಗುತ್ತಿತ್ತು.

ಮುಂದಿನ ಸಾಲಿನಿಂದ ಒಬ್ಬಳು ತರುಣಿ ಎದ್ದಳು—ತಪನನ ಮಗಳು. "ಬಾಬಾ, ಹಾಗಾದರೆ ಆ ಡ್ರಮ್ಸ್ ಬಾರಿಸಿದ್ದು ನಾನೇ ಎಂದು ನೀನು ಹೇಳಿದ್ದು ನಿಜವೇ?"

ತಪನ್ ಅವಳ ತಲೆ ಸವರಿದ. ಆಮೇಲೆ ನನಗೆ ಹೇಳಿದ, "ಇಷ್ಟು ವರ್ಷ ಇವಳ ಕಣ್ಣಲ್ಲಿ ಜಂಬದ ಸುಳ್ಳುಗಾರ ನಾನಾಗಿದ್ದೆ, ನೀನಲ್ಲ."

ಅಷ್ಟು ದೂರ ನನ್ನ ಸುಳ್ಳು ಹೋಗಿರಬಹುದೆಂದು ನಾನು ಎಣಿಸಿರಲಿಲ್ಲ. ಅವನು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಬಾಗಿಲತನಕ ಬಂದು, "ಅಪ್ಪ ಹೇಗಿದ್ದಾರೆ?" ಎಂದ.

ಈಗ ಆಲ್ಬಮ್ಮಿನ ಮೇಲೆ ಎರಡು ಹೆಸರುಗಳಿವೆ. ನನ್ನ ಹಾಡುಗಳನ್ನೇ ಕೇಳಲಾರದೆ ಇಷ್ಟು ಕಾಲ ಇದ್ದವನು, ಮೊನ್ನೆ ಕೂತು ಪೂರ್ತಿ ಕೇಳಿದೆ. ಡ್ರಮ್ಸ್ ನನ್ನ ಗಿಟಾರಿಗಿಂತ ಚೆನ್ನಾಗಿದೆ. ಇದು ನನಗೆ ಆಗಲೂ ಗೊತ್ತಿತ್ತು.