ನಾನು ಐ, ಅವಳಿಗೆ ಹರ್

ನೀವು ಶಾಲೆಯ ಪುಸ್ತಕ ಹಿಡಿದು ಐ, ಮೀ, ಶೀ, ಹರ್ ಎಂದು ಓದತೊಡಗಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ಇಂಗ್ಲಿಷ್ ಎಂದರೆ ಬೇಜಾರು ಎಂದು ನಗುತ್ತೀರಿ. ಬೇಜಾರಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಇಂಗ್ಲಿಷನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ನಾನು ಐ, ನನಗೆ ಮೀ. ಅವಳು ಶೀ, ಅವಳಿಗೆ ಹರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಉಳಿದದ್ದು ಅಷ್ಟೇ.

ನಿಮ್ಮಮ್ಮ ಅಸ್ಸಾಮಿನವಳು. ಚಿತ್ರದುರ್ಗಕ್ಕೆ ನರ್ಸ್ ಕೆಲಸಕ್ಕೆ ಬಂದವಳು ನಿಮ್ಮಪ್ಪನನ್ನು ಮದುವೆಯಾಗಿ ಹೊಸದುರ್ಗದ ಈ ಮನೆಗೆ ಬಂದಳು. ಅವಳಿಗೆ ಕನ್ನಡ ಬಾರದು. ನಿಮ್ಮಪ್ಪ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆ ಹೋದರೆ ಇಡೀ ದಿನ ನಮ್ಮಿಬ್ಬರದು ಕೈಸನ್ನೆ, ನಗು. ಆ ನಗುವಿನಲ್ಲೇ ಚೆನ್ನಾಗಿದ್ದೆವು.

ನಿಮ್ಮಲ್ಲಿ ದೊಡ್ಡವಳು ಹೊಟ್ಟೆಯಲ್ಲಿದ್ದಾಗ ಬಳೆ ತೊಡಿಸುವ ಶಾಸ್ತ್ರ ಮಾಡಿದೆವು. ನಿಮ್ಮಮ್ಮನನ್ನು ಬಾಣಂತನಕ್ಕೆ ಕರೆದೊಯ್ಯಲು ಅವಳ ಅಮ್ಮನೂ ಅಸ್ಸಾಮಿನಿಂದ ಬಂದಿದ್ದರು. ನಮ್ಮಲ್ಲಿ ಗಂಡ ಹೋದವಳು ಅಂಥ ಕಡೆ ಮುಂದೆ ನಿಲ್ಲುವುದಿಲ್ಲ. ಯಾರೂ ಬೇಡ ಎನ್ನಲಿಲ್ಲ, ನಾನೇ ಅಡುಗೆಮನೆಯಲ್ಲಿ ಉಳಿದೆ. ಕುರ್ಚಿಯಲ್ಲಿ ಕುಳಿತ ನಿಮ್ಮಮ್ಮ ಬಾಗಿಲ ಕಡೆ ತಿರುಗಿ ಕೈಮಾಡಿ ಕರೆದಳು. ನಾನು ಗೋಡೆಯ ಮರೆಗೆ ಸರಿದೆ. ಅವಳಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ, ಹೇಳಲು ನನಗೆ ಭಾಷೆಯಿರಲಿಲ್ಲ. ಆ ಸಂಜೆಯಿಂದ ಅವಳು ನನ್ನ ಮುಖ ನೋಡಲಿಲ್ಲ.

ಪಕ್ಕದ ಮನೆಯಾಕೆ ಬೇರೆ ಬಂದು ಚುಚ್ಚಿದಳು: "ರಾಗಿಮುದ್ದೇನೇ ನುಂಗಕೆ ಬರಲ್ಲ ಆ ಹುಡುಗಿಗೆ, ಇನ್ನ ಅತ್ತೀನ ನುಂಗ್ತಾಳಾ? ಅಷ್ಟು ದೂರ ಹೋದ್ಮೇಲೆ ತಿರುಗಿ ಬಂದಂಗೇ ಐತೆ ಬಿಡವ್ವ!"

ನನಗೂ ಅದೇ ದಿಗಿಲು. ಹೋದವಳು ಬರದಿದ್ದರೆ?

ಮರುದಿನ ಬೆಳಿಗ್ಗೆ ಅವಳ ಅಮ್ಮ ಅಡುಗೆಮನೆಗೆ ಬಂದರು. "ಮೈ ಡಾಟರ್, ಯೂ... ವಾಟ್ ಪ್ರಾಬ್ಲಮ್?" ಎಂದು ನಿಧಾನವಾಗಿ ಕೇಳಿದರು. ಅವಳಿಗೆ ನಾನು ಇಷ್ಟವಿಲ್ಲ ಎಂದು ಹೇಳಿಕೊಳ್ಳಬೇಕು ಅನ್ನಿಸಿತು. ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡೆ. ಅವಳಿಗೆ, ಹರ್. ನಾನು, ಐ. ಇಷ್ಟಕ್ಕೆ ಲೈಕ್ ಅನ್ನುವುದು ಫೋನಿನಿಂದ ಗೊತ್ತಿತ್ತು. ಐ ಮೊದಲು ಬರಬೇಕು ಎಂದು ಮೇಷ್ಟ್ರು ಹೇಳಿದ್ದು ನೆನಪಾಯಿತು.

"ಐ ನೋ ಲೈಕ್ ಹರ್," ಅಂದೆ.

ಅವರು ಟೀ ಲೋಟ ಕೆಳಗಿಟ್ಟರು. ನನ್ನ ಕಣ್ಣು ತುಂಬಿತ್ತು. ಅವರ ಕೈ ಹಿಡಿಯಲು ಹೋದೆ, ಎಳೆದುಕೊಂಡರು. ಮಗಳ ಮೇಲಿನ ದೂರು ಕೇಳಿ ನೊಂದರು ಎಂದುಕೊಂಡೆ.

ಅಂದೇ ಸಂಜೆ ರೈಲು. ನಿಮ್ಮಪ್ಪ ಕೆಲಸದ ಬಟ್ಟೆಯಲ್ಲೇ ನೇರವಾಗಿ ಸ್ಟೇಷನ್ನಿಗೆ ಬಂದ. ಹೆಂಡತಿಯ ಅತ್ತು ಊದಿದ ಮುಖ ನೋಡಿ, ಮಾತಾಡಿಸಿ, ನನ್ನ ಹತ್ತಿರ ಬಂದ.

"ಅವ್ವಾ, ಅವರಮ್ಮನ ಹತ್ರ ಏನಂದೆ ನೀನು?"

"ಅವಳಿಗೆ ನಾನು ಇಷ್ಟ ಇಲ್ಲ ಅಂದೆ ಕಣಪ್ಪ."

"ಇಂಗ್ಲಿಷ್ನಾಗೆ ಹೆಂಗಂದೆ, ಅದನ್ನೇಳು."

ಹೇಳಿದೆ. ಅವನು ತಲೆ ಹಿಡಿದುಕೊಂಡ. "ಅವಳು ನಂಗೆ ಇಷ್ಟ ಇಲ್ಲ ಅಂದಂಗಾತಲ್ಲವ್ವಾ! ಶೀ ನೋ ಲೈಕ್ ಮೀ ಅನ್ನಬೇಕಿತ್ತು."

"ಶೀ ಅಂದ್ರೆ ಅವಳು, ಮೀ ಅಂದ್ರೆ ನನಗೆ. ಅವಳು ನನಗೆ ಇಷ್ಟ ಇಲ್ಲ ಅಂತ ಅದೇ ಆಗ್ತತಲ್ಲೋ!"

"ಇಲ್ಲವ್ವ. ಇಷ್ಟಪಡೋರು ಯಾರೋ ಅವರೇ ಅಲ್ಲಿ ಶೀ. ನಮ್ಮ 'ಅವಳಿಗೆ' ಅನ್ನೋದು ಅಲ್ಲಿ ಹರ್ ಆಗಲ್ಲ."

ಅಷ್ಟರಲ್ಲಿ ರೈಲು ಬಂತು. ಸಾಮಾನು ಹತ್ತಿಸಿ ನಿಮ್ಮಪ್ಪ ಕಿಟಕಿಯ ಬಳಿ ನಿಂತು ಅವಳಿಗೆ ಅವಸರವಾಗಿ ಏನೇನೋ ಹೇಳಿದ. ಅವರಮ್ಮ ಆ ಕಡೆ ಮುಖ ಮಾಡಿಯೇ ಇದ್ದರು. ನಿಮ್ಮಮ್ಮ ಕಿಟಕಿಯ ಸರಳು ಹಿಡಿದು ನನ್ನನ್ನು ನೋಡಿದಳು. ಕೈತುಂಬ ಹಸಿರು ಬಳೆ. ತಡವರಿಸುತ್ತ ಕನ್ನಡದಲ್ಲಿ ಅಂದಳು:

"ಅವ್ವಾ, ನಾನು ನಿಮಗೆ ಇಷ್ಟ."

ರೈಲು ಹೊರಟಿತು.

ಅವಳು ಮಗುವನ್ನೆತ್ತಿಕೊಂಡು ಈ ಹೊಸ್ತಿಲು ದಾಟುವವರೆಗೂ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕನ್ನಡವನ್ನು ಸರಿಯಾಗಿಯೇ ಆಡಿದ್ದರೆ, ನನ್ನ ಮನಸ್ಸು ಅವಳಿಗೆ ತಿಳಿದಿದೆ ಎಂದಾಯಿತು. ನಾನು ತಪ್ಪಿದ ಹಾಗೆ ಅವಳೂ ತಪ್ಪಿದ್ದರೆ, ನಾನೆಂದರೆ ಅವಳಿಗೆ ಇಷ್ಟ ಎಂದಾಯಿತು. ರೈಲಿನ ಸದ್ದಿನಲ್ಲಿ ಅದು ಪ್ರಶ್ನೆಯಾಗಿತ್ತೋ ಏನೋ? ಆಗಿದ್ದರೆ ನಾನು ಉತ್ತರ ಕೊಡದೆ ನಿಂತಿದ್ದೆ.

ಈಗ ಅವಳು ಸಂತೆಯಲ್ಲಿ ತೆಂಗಿನಕಾಯಿಯವನ ಬಾಯಿ ಮುಚ್ಚಿಸುವಷ್ಟು ಕನ್ನಡ ಆಡುತ್ತಾಳೆ. ಕೇಳಿದರೆ ಹೇಳಿಯಾಳು. ಕೇಳಬೇಕೆಂದು ಎಷ್ಟೋ ಸಲ ಅವಳ ಹತ್ತಿರ ಹೋಗಿ ಕೂರುತ್ತೇನೆ. ನಾನು ಮೊದಲೋ, ನೀನು ಮೊದಲೋ ಎಂದು ಯೋಚಿಸುವಷ್ಟರಲ್ಲಿ ಅವಳು ಎದ್ದು ಹೋಗಿರುತ್ತಾಳೆ.